ಮರಸಿಗೆ ಕುಳಿತ ಓದುಗ: ಶಿಕಾರಿಯನ್ನು ಒಪ್ಪದವರಿಗೂ ಕಾಡಿನ ಕತೆಗಳು ಏಕೆ ರುಚಿಸುತ್ತವೆ?

ಹಳುವಿನ ಓದುಗ

ಪ್ರಾಣಿಗಳನ್ನು ಕೊಲ್ಲುವುದು ನನಗೆ ಒಗ್ಗದ ಸಂಗತಿ. ಕೋವಿಯನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಹಲ್ಲಿಯನ್ನು ಓಡಿಸಬೇಕಾದರೂ ಪೊರಕೆಯನ್ನು ಮೆಲ್ಲಗೆ ನೆಲಕ್ಕೆ ತಟ್ಟುವ ಪೈಕಿ. ಹೀಗಿದ್ದೂ ಇಪ್ಪತ್ತು ವರ್ಷಗಳಿಂದ ನಾನು ಅತಿ ಹೆಚ್ಚು ಸಲ ಓದಿರುವ ಪುಸ್ತಕಗಳೆಂದರೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ, ಹಳೆಯ ಕಾಲದ ಶಿಕಾರಿಗಳಾದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳು ಮತ್ತು ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ. ಮೊನ್ನೆ ಮಗಳು ಕೇಳಿದಳು: "ಅಪ್ಪ, ನೀವು ಹುಲಿ ಉಳಿಯಬೇಕು ಎನ್ನುತ್ತೀರಿ, ಆದರೆ ಓದುವುದೆಲ್ಲ ಹುಲಿ ಸಾಯುವ ಕತೆ. ಇದೆಂಥ ಸುಖ?" ಅವಳಿಗೆ ಕೊಟ್ಟ ಉತ್ತರ ನನಗೇ ಸಮಾಧಾನ ತರದಿದ್ದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನಗೆ ತೋಚಿದ್ದನ್ನು ಹೇಳುತ್ತೇನೆ. ಈ ಕತೆಗಳಲ್ಲಿ ಗುಂಡು ಹಾರುವುದು ಹೆಚ್ಚೆಂದರೆ ಅರ್ಧ ಪುಟ. ಉಳಿದ ಹತ್ತಿಪ್ಪತ್ತು ಪುಟಗಳಲ್ಲಿ ನಡೆಯುವುದೇನು? ಒಬ್ಬ ಮನುಷ್ಯ ಒಣಗಿದ ಹಳ್ಳದ ಮರಳಿನಲ್ಲಿ ಹೆಜ್ಜೆ ಗುರುತು ನೋಡುತ್ತಾನೆ, ಅದು ನಿನ್ನೆಯದೋ ಇಂದು ಬೆಳಗಿನದೋ ಎಂದು ಅಂಚು ಕುಸಿದಿರುವುದರಿಂದ ಲೆಕ್ಕ ಹಾಕುತ್ತಾನೆ, ಒಂದು ಮರ ಹತ್ತಿ ಮರಸಿಗೆ, ಅಂದರೆ ಪ್ರಾಣಿ ಬರುವುದನ್ನು ಅಡಗಿ ಕಾಯಲು, ಕೂರುತ್ತಾನೆ, ಕತ್ತಲಾಗುತ್ತದೆ, ಸೊಳ್ಳೆ ಕಚ್ಚುತ್ತದೆ, ಏನೂ ಆಗುವುದಿಲ್ಲ. ಆ ಏನೂ ಆಗದಿರುವುದನ್ನು ಓದುತ್ತ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಆದ್ದರಿಂದ ಸುಖ ಇರುವುದು ಕೊಲ್ಲುವುದರಲ್ಲಿ ಅಲ್ಲ, ಕಾಯುವುದರಲ್ಲಿ ಎಂಬುದು ನನ್ನ ವಾದ. ಇದು ಮಗಳಿಗೆ ಒಪ್ಪಿಗೆಯಾಗಲಿಲ್ಲ. "ಕೊನೆಗೆ ಹುಲಿ ಬರುವುದೇ ಇಲ್ಲ ಎಂದು ಮೊದಲೇ ಗೊತ್ತಿದ್ದರೆ ಕಾಯುತ್ತಿದ್ದಿರಾ?" ಎಂದಳು. ನಿಮಗೆ ಏನನ್ನಿಸುತ್ತದೆ?

ಪುತ್ತೂರು ಕಡೆಯವ

ನಿಮ್ಮ ಮಗಳ ಪ್ರಶ್ನೆಗೆ ಉತ್ತರ ತೇಜಸ್ವಿಯವರ ಸ್ವಂತ ಕಾದಂಬರಿಯಲ್ಲಿಯೇ ಇದೆಯಲ್ಲ. 1980ರಲ್ಲಿ ಬಂದ 'ಕರ್ವಾಲೊ'ವನ್ನು ನೆನಪಿಸಿಕೊಳ್ಳಿ. ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಹಳ್ಳಿಯ ಮಂದಣ್ಣ ಮತ್ತು ಇನ್ನೂ ಕೆಲವರು ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಹೆಜ್ಜೆ ಹೆಜ್ಜೆಗೂ ಅದು ಶಿಕಾರಿ ಕತೆಯ ನಡಿಗೆಯೇ: ಯಾರೋ ಕಂಡರೆಂಬ ವದಂತಿ, ಹೊರಡುವ ಸಿದ್ಧತೆ, ದಾರಿ, ಕಾಯುವಿಕೆ, ಕೊನೆಗೆ ದರ್ಶನ. ಆ ಮೇಲೆ ಅದು ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆ. (ಇನ್ನೂ ಓದದವರು ಕ್ಷಮಿಸಬೇಕು. ಆದರೆ ನಲವತ್ತು ವರ್ಷ ದಾಟಿದ ಕಾದಂಬರಿಯ ಗುಟ್ಟನ್ನು ಎಷ್ಟು ದಿನ ಕಾಪಾಡುವುದು?) ಆ ಕೊನೆಯನ್ನು ಓದಿ ಮೋಸಹೋದೆ ಎಂದುಕೊಂಡ ಒಬ್ಬ ಓದುಗನನ್ನೂ ನಾನು ಕಂಡಿಲ್ಲ. ಸಿಕ್ಕಿಬಿಟ್ಟಿದ್ದರೆ ಪುಸ್ತಕ ಸಣ್ಣದಾಗುತ್ತಿತ್ತು.

ನಮ್ಮ ಕಡೆಯ ಕೆದಂಬಾಡಿ ಜತ್ತಪ್ಪ ರೈಯವರ 'ಬೇಟೆಯ ನೆನಪುಗಳು' ಪುಸ್ತಕವನ್ನೂ ಇಲ್ಲಿ ಹೆಸರಿಸಲೇಬೇಕು. ಅನುವಾದವಲ್ಲದ, ಕನ್ನಡದಲ್ಲಿಯೇ ಹುಟ್ಟಿದ ಶಿಕಾರಿ ಬರವಣಿಗೆ ಬೇಕೆನ್ನುವವರಿಗೆ ನಾನು ಮೊದಲು ಕೊಡುವುದು ಅದನ್ನೇ. ಅಂಥ ಪುಸ್ತಕದಲ್ಲಿ ಬೇಟೆ ಎಂಬುದು ಒಬ್ಬ ವೀರನ ಕೆಲಸವಾಗಿ ಕಾಣುವುದಿಲ್ಲ. ಸೋವುವವರು (ಪ್ರಾಣಿಯನ್ನು ಎಬ್ಬಿಸಿ ಓಡಿಸುವವರು), ನಾಯಿಗಳು, ಬಿಲ್ಲಿಗೆ (ಕೋವಿ ಹಿಡಿದು ಕಾಯುವ ಜಾಗಕ್ಕೆ) ನಿಂತವರು, ಪಾಲು ಹಂಚುವಾಗಿನ ಜಗಳ, ಇಡೀ ಊರೇ ಅದರೊಳಗೆ ಇರುತ್ತದೆ. ಈ ಬಗೆಯ ಪುಸ್ತಕಗಳ ರುಚಿಗೆ ಅರ್ಧ ಕಾರಣ ಈ ಸಂತೆಯಂಥ ಗದ್ದಲ ಎಂದು ನನ್ನ ಅಭಿಪ್ರಾಯ.

ಅನುಮಾನಿ

ಒಂದು ಅಪಸ್ವರ ಎತ್ತುತ್ತೇನೆ, ಯಾರೂ ಬೇಸರಿಸಬಾರದು. ಈ ಕತೆಗಳ ಸುಖಕ್ಕೆ ಕಾರಣ ಬಹಳ ಸರಳವೆಂದು ನನಗನ್ನಿಸುತ್ತದೆ: ಬಾಗಿಲು ಹಾಕಿಕೊಂಡು, ಕಾಫಿ ಪಕ್ಕದಲ್ಲಿಟ್ಟುಕೊಂಡು, ಇನ್ನೊಬ್ಬನ ಭಯವನ್ನು ಅನುಭವಿಸುವುದು. ಮಳೆ ಸುರಿಯುವಾಗ ಕಂಬಳಿಯೊಳಗೆ ದೆವ್ವದ ಕತೆ ಕೇಳುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದಕ್ಕೆ ಕಾಯುವಿಕೆ, ಹುಡುಕಾಟ ಎಂಬ ದೊಡ್ಡ ಹೆಸರುಗಳನ್ನು ಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಆಂಡರ್ಸನ್ ಬರೆದದ್ದೆಲ್ಲ ಹಾಗೆಯೇ ನಡೆದದ್ದು ಎಂದು ನಂಬುವುದು ನನಗೆ ಕಷ್ಟ. ಎಷ್ಟೋ ವರ್ಷಗಳ ಹಿಂದೆ ಒಬ್ಬ ಹಳ್ಳಿಗ ಆಡಿದ ಮಾತುಗಳು ಅಕ್ಷರಕ್ಷರವೂ ನೆನಪಿರುತ್ತವೆಯೇ? ಸೋಮಾರಿ ಕಟ್ಟೆಯ ಮೇಲೆ ಕುಳಿತ ನಮ್ಮೂರಿನ ಹಳೆಯ ಶಿಕಾರಿಗಳು ಒಂದೇ ಚಿರತೆಯ ಕತೆಯನ್ನು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷವೂ ಚಿರತೆ ಅರ್ಧ ಅಡಿ ಬೆಳೆಯುತ್ತಿತ್ತು. ಸತ್ತ ಮೇಲೂ ಬೆಳೆಯುವ ಪ್ರಾಣಿ ಅದೊಂದೇ.

ಶಾಲೆಯ ಪುಸ್ತಕದ ಕಪಾಟು

ಅನುಮಾನಿಯವರ ಕೊನೆಯ ವಾಕ್ಯಕ್ಕೆ ನಕ್ಕೆ. ಆದರೆ ಅವರ ಮೊದಲ ವಾದ ಪೂರ್ತಿ ಸರಿಯಲ್ಲ ಎನ್ನುವುದಕ್ಕೆ ನನ್ನ ಬಳಿ ಒಂದು ಅನುಭವವಿದೆ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿದ್ದೇನೆ. ಗ್ರಂಥಾಲಯವೆಂದರೆ ಎರಡು ಕಬ್ಬಿಣದ ಕಪಾಟುಗಳು. ದೆವ್ವದ ಕತೆಗಳ ಪುಸ್ತಕವನ್ನು ಮಕ್ಕಳು ಒಮ್ಮೆ ಓದಿ ಹಿಂದಿರುಗಿಸುತ್ತಾರೆ. ಕಾಡಿನ ಕತೆಗಳನ್ನು ಎರಡನೆಯ ಸಲ, ಮೂರನೆಯ ಸಲ ಒಯ್ಯುತ್ತಾರೆ. ಭಯವೊಂದೇ ಕಾರಣವಾಗಿದ್ದರೆ, ಕೊನೆ ತಿಳಿದ ಮೇಲೆ ಎರಡನೆಯ ಓದಿಗೆ ಏನು ಉಳಿಯುತ್ತಿತ್ತು?

ನಾನು ಗಮನಿಸಿದಂತೆ, ಅವರು ಎರಡನೆಯ ಸಲ ಓದುವುದು ವಿವರಕ್ಕಾಗಿ. ಕಡವೆ ಕೂಗಿದರೆ ಏನರ್ಥ, ಮುಸುವ ಮರದ ಮೇಲಿಂದ ಕೆಮ್ಮಿದರೆ ಏನರ್ಥ, ನವಿಲು ಹೊತ್ತಲ್ಲದ ಹೊತ್ತಿನಲ್ಲಿ ಅರಚಿದರೆ ಏನರ್ಥ ಎಂಬುದನ್ನು ಅವರು ಪಾಠದಂತೆ ಒಪ್ಪಿಸುತ್ತಾರೆ, ಯಾರೂ ಒಪ್ಪಿಸು ಎಂದು ಕೇಳದಿದ್ದರೂ. ಹುಲಿ ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಅದು ಕಿವಿಗೆ ಬೀಳುತ್ತದೆ. ದೂರದಲ್ಲಿ ಒಂದು ಕೂಗು, ಆಮೇಲೆ ಸ್ವಲ್ಪ ಹತ್ತಿರದಲ್ಲಿ ಇನ್ನೊಂದು, ಆಮೇಲೆ ಎಲ್ಲವೂ ಮೌನ. ಕಣ್ಣಿನಿಂದ ಓದುವ ಪುಸ್ತಕವನ್ನು ಕಿವಿಯಿಂದ ಓದಿಸುವ ಈ ಗುಣ ಬೇರೆ ಬಗೆಯ ಪುಸ್ತಕಗಳಲ್ಲಿ ನನಗೆ ಅಷ್ಟಾಗಿ ಕಂಡಿಲ್ಲ.

ಇನ್ನು ಊರಿನ ಹೆಸರಿನ ಮಾತು. 1954ರಲ್ಲಿ ಬಂದ ಆಂಡರ್ಸನ್‌ನ ಮೊದಲ ಪುಸ್ತಕದಲ್ಲಿ ಹೊಸದುರ್ಗ ಮತ್ತು ಹೊಳಲ್ಕೆರೆಯ ನರಭಕ್ಷಕ ಹುಲಿಯ ಕತೆಯಿದೆ. ಇದನ್ನು ಹೇಳಿದ ದಿನ ನನ್ನ ತರಗತಿಯಲ್ಲಿ ಯಾರೂ ಊಟದ ಗಂಟೆಗೆ ಎದ್ದು ಹೋಗಲಿಲ್ಲ. ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರು ಪುಸ್ತಕದೊಳಗೆ ಸಿಕ್ಕರೆ ಆಗುವ ಪುಳಕವೇ ಬೇರೆ. ಇಂದು ಅಲ್ಲಿರುವುದು ತೆಂಗು, ಅಡಿಕೆ, ಕೊಳವೆ ಬಾವಿ. "ಟೀಚರ್, ಹುಲಿ ಎಲ್ಲಿ ಹೋಯಿತು?" ಎಂದು ಒಬ್ಬ ಹುಡುಗ ಕೇಳಿದ. ಆ ಪ್ರಶ್ನೆಯನ್ನು ಯಾವ ಪರಿಸರ ಪಾಠವೂ ಅವನಿಂದ ಕೇಳಿಸಿರಲಿಲ್ಲ.

ಹಳುವಿನ ಓದುಗ

ಟೀಚರ್, ಊರಿನ ಹೆಸರಿನ ಪುಳಕದ ಬಗ್ಗೆ ನೀವು ಹೇಳಿದ್ದು ಬೆಂಗಳೂರಿನವನಾದ ನನಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ತೇಜಸ್ವಿಯವರ ಸಂಪುಟಗಳಲ್ಲಿ ಒಂದರ ಹೆಸರೇ 'ಜಾಲಹಳ್ಳಿಯ ಕುರ್ಕ'. ಕುರ್ಕವೆಂದರೆ ಅಲ್ಲಿ ಚಿರತೆ. ಮೆಟ್ರೋ ಕಂಬಗಳೂ ಅಪಾರ್ಟ್‌ಮೆಂಟುಗಳೂ ತುಂಬಿರುವ ಜಾಲಹಳ್ಳಿಯಲ್ಲಿ ಬಸ್ಸಿಗಾಗಿ ನಿಂತಾಗಲೆಲ್ಲ, ಇಲ್ಲಿಯೇ ಎಲ್ಲೋ ಪೊದೆಯೊಂದರಲ್ಲಿ ಅದು ಮಲಗಿತ್ತು ಎಂದು ನೆನೆದು ಸುಮ್ಮನೆ ಒಮ್ಮೆ ಹಿಂತಿರುಗಿ ನೋಡುತ್ತೇನೆ.

ಅನುವಾದದ ಸಂಗತಿಯನ್ನೂ ಸೇರಿಸುತ್ತೇನೆ. ಆಂಡರ್ಸನ್ ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಕಾಡಿನಲ್ಲಿ ಅವನು ಕನ್ನಡ ಮತ್ತು ತಮಿಳು ಆಡುತ್ತಿದ್ದ. ಅವನ ಜೊತೆಗಾರರಾದ ಪೂಜಾರಿ ಬೈರ, ರಂಗ ಇವರ ಮಾತುಗಳು ಮೊದಲು ನಮ್ಮ ಕಡೆಯ ನುಡಿಗಳಲ್ಲಿಯೇ ಹುಟ್ಟಿ, ಇಂಗ್ಲಿಷಿಗೆ ಹೋಗಿ, ತೇಜಸ್ವಿಯವರ ಕೈಯಲ್ಲಿ ತವರಿಗೆ ಮರಳಿದವು. ಇಂಗ್ಲಿಷಿನಲ್ಲಿ ಓದುವಾಗ ಬೈರ ಒಬ್ಬ ವಿಚಿತ್ರ ಕಾಡುಮನುಷ್ಯನಂತೆ ಕಾಣುತ್ತಾನೆ; ಕನ್ನಡದಲ್ಲಿ ಅವನು ನಮ್ಮ ಹಟ್ಟಿಯ ಆಚೆಗೆ ಬೀಡಿ ಸೇದುತ್ತ ಕುಳಿತವನಂತೆ ಕಾಣುತ್ತಾನೆ. ಶಬ್ದಕ್ಕೆ ಶಬ್ದ ಇಡದೆ ಭಾವಾನುವಾದ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. ಕೋವಿದಾರರನ್ನೇ ಏಮಾರಿಸುವ ಮುನಿಶಾಮಿಯ ಕತೆಯನ್ನು ಎರಡೂ ಭಾಷೆಗಳಲ್ಲಿ ಓದಿದವರಿಗೆ ನಾನು ಹೇಳುವುದು ತಿಳಿಯುತ್ತದೆ: ಇಂಗ್ಲಿಷಿನಲ್ಲಿ ಮುಗುಳ್ನಗೆ, ಕನ್ನಡದಲ್ಲಿ ಗಹಗಹ.

ಆಲೂರಿನ ಕಾಫಿ ಬೆಳೆಗಾರ

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ಅನುಮಾನಿಯವರು "ಬಾಗಿಲು ಹಾಕಿಕೊಂಡು" ಎಂದ ಮಾತು ನನ್ನನ್ನು ಬರೆಯುವಂತೆ ಮಾಡಿತು.

ನಮ್ಮ ಭಾಗದಲ್ಲಿ ಸಂಜೆ ಬಾಗಿಲು ಹಾಕಿಕೊಳ್ಳುವುದು ಓದುವ ಸುಖಕ್ಕಾಗಿ ಅಲ್ಲ. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಅದನ್ನು ನೋಡಿಕೊಂಡು ಆಳುಗಳನ್ನು ಯಾವ ತೋಟದ ತುಂಡಿಗೆ ಕಳುಹಿಸಬೇಕೆಂದು ತೀರ್ಮಾನಿಸುತ್ತೇವೆ. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ಬೆಳಗ್ಗೆ ಗಿಡಗಳ ನಡುವೆ ಇನ್ನೂ ಹಬೆಯಾಡುತ್ತಿದ್ದ ಲದ್ದಿಯನ್ನು ಕಂಡು, ಹಿಂದೆ ಸರಿಯಬೇಕೋ ನಿಲ್ಲಬೇಕೋ ತಿಳಿಯದೆ ಕಾಲು ಗಂಟೆ ಅಲ್ಲಿಯೇ ನಿಂತಿದ್ದೇನೆ. ಆ ಕಾಲು ಗಂಟೆಯಲ್ಲಿ ಯಾವ ಸುಖವೂ ಇರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಆದರೆ ಅದೇ ರಾತ್ರಿ ಮನೆಯವರಿಗೆ ಅದನ್ನು ಹೇಳುವಾಗ ನಾನು ಲದ್ದಿಯ ಬಿಸಿ, ಮುರಿದ ಹಾಲುವಾಣದ ಕೊಂಬೆ, ಪಕ್ಕದ ಗದ್ದೆಯಿಂದ ಏಕಾಏಕಿ ಹಾರಿಹೋದ ಕೊಕ್ಕರೆಗಳು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಹೇಳುತ್ತ ಹೋದಂತೆ ನನಗೇ ಹಿತವೆನ್ನಿಸಿತು. ಅನುಭವಿಸುವಾಗ ಇಲ್ಲದ್ದು ಹೇಳುವಾಗ ಎಲ್ಲಿಂದ ಬರುತ್ತದೆಯೋ.

ಆದ್ದರಿಂದ ಈ ಪುಸ್ತಕಗಳಲ್ಲಿ ನನಗೆ ಹಿಡಿಸುವ ಭಾಗ ಬೇರೆ. ಕಾರ್ಬೆಟ್ ರುದ್ರಪ್ರಯಾಗದ ಪುಸ್ತಕದ ಆರಂಭದಲ್ಲಿ ಸಂಜೆಯ ಭಯವನ್ನು ವರ್ಣಿಸುತ್ತಾನೆ. ಕೇದಾರ, ಬದರಿಗೆ ಹೋಗುವ ಯಾತ್ರಿಕರ ದಾರಿ ಅದು. 1918ರಿಂದ 1926ರವರೆಗೆ ಸರಕಾರದ ಲೆಕ್ಕದಲ್ಲಿಯೇ 125 ಜನರನ್ನು ಅಲ್ಲಿನ ನರಭಕ್ಷಕ ಚಿರತೆ ಕೊಂದಿತು, ಆ ಲೆಕ್ಕವೂ ಪೂರ್ತಿಯಲ್ಲ ಎಂದು ಅವನೇ ಬರೆಯುತ್ತಾನೆ. ಇಬ್ಬರು ಗೆಳೆಯರು ಒಂದು ಕೋಣೆಯಲ್ಲಿ ಕುಳಿತು ಹುಕ್ಕಾ ಸೇದುತ್ತಿರುತ್ತಾರೆ. ಒಬ್ಬನ ಕೈಯಿಂದ ಹುಕ್ಕಾ ಬೀಳುತ್ತದೆ, ಕೆಂಡ ಚೆಲ್ಲುತ್ತದೆ. ಇನ್ನೊಬ್ಬ ಅಜಾಗರೂಕತೆಗಾಗಿ ಬಯ್ಯುತ್ತ ಕೆಂಡ ಆಯಲು ಬಾಗುತ್ತಾನೆ. ತಲೆಯೆತ್ತಿದರೆ ಚಿರತೆ ಗೆಳೆಯನನ್ನು ಬಾಗಿಲಿನಾಚೆ ಒಯ್ಯುತ್ತಿದೆ. ಸದ್ದೇ ಇಲ್ಲ. ಇದನ್ನು ಓದುವಾಗ ನನಗೆ ಚಿರತೆಗಿಂತ ಹೆಚ್ಚಾಗಿ ಆ ಬಯ್ಗುಳ ಕಾಡುತ್ತದೆ. ಸತ್ತವನಿಗೆ ಕೇಳಿಸಿದ ಕೊನೆಯ ಮಾತು ಒಂದು ಸಣ್ಣ ಗದರಿಕೆ.

ಹಿಡಿಸದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಬಹಳಷ್ಟು ಶಿಕಾರಿ ಕತೆಗಳಲ್ಲಿ ಊರಿನವರು ಸಾಯುವುದಕ್ಕೆ, ಅಳುವುದಕ್ಕೆ, ಕೊನೆಗೆ ಹಾರ ಹಾಕುವುದಕ್ಕೆ ಮಾತ್ರ ಇರುತ್ತಾರೆ. ಹೊರಗಿನಿಂದ ಬಂದವನು ಕಾಪಾಡುತ್ತಾನೆ. ಅವನು ಹೋದ ಮೇಲೆ ಅವರ ಬೆಳೆ ಏನಾಯಿತು, ಗಂಡ ಸತ್ತವಳು ಮುಂದೆ ಹೇಗೆ ಬದುಕಿದಳು ಎಂದು ಕೇಳುವವರಿಲ್ಲ. ಅಂಥ ಕತೆಯ ಅರ್ಧದಲ್ಲಿಯೇ ನನ್ನ ಆಸಕ್ತಿ ಬತ್ತಿಹೋಗುತ್ತದೆ.

ಟೊರಾಂಟೊದ ಚಳಿ

ಬೆಳೆಗಾರರ ಮಾತು ಓದಿ ಸುಮ್ಮನೆ ಕುಳಿತೆ. ಇಲ್ಲಿ ಚಳಿಗಾಲದಲ್ಲಿ ನಾಲ್ಕೂಮುಕ್ಕಾಲಿಗೇ ಕತ್ತಲಾದಾಗ ಇದೇ ಪುಸ್ತಕಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಕನ್ನಡ ಕಲಿಸಲು ಬೇರೆ ಯಾವ ಪುಸ್ತಕ ಹಿಡಿದರೂ ಹತ್ತು ನಿಮಿಷಕ್ಕೆ ಓಡಿಹೋಗುವವರು, ಇದನ್ನು ಹಿಡಿದರೆ ಅರ್ಥವಾಗದ ಪದವನ್ನು ತಾವಾಗಿಯೇ ತಡೆದು ಕೇಳುತ್ತಾರೆ. ಅರ್ಥ ತಿಳಿಯದಿದ್ದರೆ ಚಿರತೆ ಎಲ್ಲಿದೆಯೆಂದು ತಿಳಿಯುವುದಿಲ್ಲವಲ್ಲ!

ಅನುಮಾನಿ

ಬೆಳೆಗಾರರ ಕಾಲು ಗಂಟೆಯ ವರ್ಣನೆಯ ಮುಂದೆ ನನ್ನ ಕಾಫಿ, ಕಂಬಳಿಯ ವಾದ ತೆಳುವಾಯಿತು, ಒಪ್ಪುತ್ತೇನೆ. ಆದರೆ ಸತ್ಯದ ಪ್ರಶ್ನೆ ಹಾಗೆಯೇ ಉಳಿದಿದೆ. ನಡೆದದ್ದು ಎಂಬ ನಂಬಿಕೆ ಇಲ್ಲದಿದ್ದರೆ ನೀವು ಇದನ್ನೇ ಇಷ್ಟು ಮೆಚ್ಚುತ್ತಿದ್ದಿರಾ?

ಹಳುವಿನ ಓದುಗ

ಈ ಪ್ರಶ್ನೆಯನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಮೆಚ್ಚುತ್ತಿರಲಿಲ್ಲ, ಅಥವಾ ಇಷ್ಟು ಮೆಚ್ಚುತ್ತಿರಲಿಲ್ಲ. ಆದರೆ ನಾನು ನಂಬುವುದು ಪ್ರತಿಯೊಂದು ಮಾತನ್ನೂ ಅಲ್ಲ, ಹೇಳುವವನ ತಪ್ಪುಗಳನ್ನು. ಕಟ್ಟೆಯ ಮೇಲಿನ ನಿಮ್ಮೂರಿನ ಶಿಕಾರಿ ಎಂದೂ ಗುರಿ ತಪ್ಪುವುದಿಲ್ಲ. ಕಾರ್ಬೆಟ್ ತಪ್ಪುತ್ತಾನೆ, ವಾರಗಟ್ಟಲೆ ಕೂತು ಬರಿಗೈಯಲ್ಲಿ ಇಳಿಯುತ್ತಾನೆ, ತಾನು ತಪ್ಪು ಜಾಗದಲ್ಲಿ ಕುಳಿತಿದ್ದೆನೆಂದು ಬರೆಯುತ್ತಾನೆ. ತನ್ನನ್ನು ಸಣ್ಣವನಾಗಿ ತೋರಿಸುವ ಸಂಗತಿಯನ್ನು ಯಾರೂ ಸುಮ್ಮನೆ ಕಟ್ಟಿ ಹೇಳುವುದಿಲ್ಲ ಎಂಬುದು ನನ್ನ ಅಳತೆಗೋಲು.

ಇದಕ್ಕೆ ಸೇರಿದ ಇನ್ನೊಂದು ಗುಣವೆಂದರೆ, ಪ್ರಾಣಿ ಏಕೆ ಹೀಗಾಯಿತು ಎಂದು ಕೇಳುವುದು. ಚಂಪಾವತದ ಹೆಣ್ಣು ಹುಲಿ 436 ಜನರನ್ನು ಕೊಂದಿತ್ತು. 1907ರಲ್ಲಿ ಅದನ್ನು ಕೊಂದ ಮೇಲೆ ಕಾರ್ಬೆಟ್ ಬಾಯಿ ತೆರೆದು ನೋಡುತ್ತಾನೆ. ಬಲಭಾಗದ ಮೇಲಿನ, ಕೆಳಗಿನ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದುಹೋಗಿರುತ್ತವೆ. ಸಹಜ ಬೇಟೆಯನ್ನು ಹಿಡಿಯಲು ಅದಕ್ಕೆ ಆಗುತ್ತಿರಲಿಲ್ಲ. ಮುಕ್ತೇಸರದ ಹುಲಿ ಮುಳ್ಳುಹಂದಿಯೊಡನೆ ಕಾದಾಡಿ ಒಂದು ಕಣ್ಣು ಕಳೆದುಕೊಂಡು, ಸುಮಾರು ಐವತ್ತು ಮುಳ್ಳುಗಳನ್ನು ಮೈಯಲ್ಲಿ ಹೊತ್ತಿತ್ತು. ರುದ್ರಪ್ರಯಾಗದ ಚಿರತೆಯ ವಿಷಯದಲ್ಲಿ ಕಾರಣ 1918ರ ಇನ್‌ಫ್ಲುಯೆಂಜಾ: ಸುಡುವುದಕ್ಕೆ ಜನವಿಲ್ಲದೆ, ಹೆಣದ ಬಾಯಿಗೆ ಕೆಂಡವೊಂದನ್ನಿಟ್ಟು ಕಣಿವೆಗೆ ತಳ್ಳಿದ ದಿನಗಳಲ್ಲಿ ಚಿರತೆಗಳು ಮನುಷ್ಯರ ಮಾಂಸದ ರುಚಿ ಕಂಡವು ಎಂದು ಅವನು ವಿವರಿಸುತ್ತಾನೆ. ರಾಕ್ಷಸನನ್ನು ಹುಡುಕಿಕೊಂಡು ಹೊರಟ ಕತೆಯಲ್ಲಿ ಕೊನೆಗೆ ಕೈಗೆ ಸಿಗುವುದು ಮುರಿದ ಹಲ್ಲು. ಓದುಗನಾಗಿ ನನಗೆ ಗುಂಡಿನ ಸದ್ದಿಗಿಂತ ಈ ಹಲ್ಲು ಹೆಚ್ಚಿನ ತೃಪ್ತಿ ಕೊಡುತ್ತದೆ.

ಬೆಳೆಗಾರರೇ, ಊರಿನವರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗೋಲಾಬ್ರಾಯಿಯ ಯಾತ್ರಿಕರ ತಂಗುದಾಣದ ಪಂಡಿತನಂಥ ಒಬ್ಬಿಬ್ಬರು ನೆನಪಿನಲ್ಲಿ ಉಳಿಯುತ್ತಾರೆ: ರುದ್ರಪ್ರಯಾಗದ ಅದೇ ಚಿರತೆಯ ಬಾಯಿಯಿಂದ ತಪ್ಪಿಸಿಕೊಂಡು, ಗಂಟಲಿನ ಗಾಯ ಹೊತ್ತು ಬದುಕಿದವನು. ಆದರೆ ಒಬ್ಬಿಬ್ಬರು ಸಾಲುವುದಿಲ್ಲ.

ಪುತ್ತೂರು ಕಡೆಯವ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಈ ಬಗೆಯ ಪುಸ್ತಕವನ್ನು ಹೊಸದಾಗಿ ಬರೆಯುವವರು ಹೆಚ್ಚಿಲ್ಲ, ಬರೆಯಬಾರದು ಕೂಡ. ಮುಗಿದುಹೋದ ಕಸುಬಿನ ಪುಸ್ತಕವೆಂಬುದರಲ್ಲಿಯೇ ಒಂದು ನಿರಾಳವಿದೆಯೇನೋ. ಓದುವುದರಿಂದ ಯಾವ ಹುಲಿಗೂ ಅಪಾಯವಿಲ್ಲ. ಬೆಳೆಗಾರರು ಕೇಳುವ ಪುಸ್ತಕ, ಅಂದರೆ ಆನೆ, ಚಿರತೆಗಳ ಜೊತೆಗೆ ಬದುಕುವ ಊರಿನವರೇ ಹೇಳುವ ಪುಸ್ತಕ, ಇಂದು ಬರಬೇಕಾದದ್ದು. ಆ ಕಾಲು ಗಂಟೆಯನ್ನು ಬರೆದವರು ಉಳಿದದ್ದನ್ನೂ ಬರೆಯಬಲ್ಲರು.

ಆಲೂರಿನ ಕಾಫಿ ಬೆಳೆಗಾರ

ಕೊಯ್ಲು ಮುಗಿಯಲಿ, ನೋಡೋಣ.

ಶಾಲೆಯ ಪುಸ್ತಕದ ಕಪಾಟು

ಈ ಚರ್ಚೆಯ ನೆಪದಲ್ಲಿ ಕಳೆದ ಶನಿವಾರ ಏಳನೆಯ ತರಗತಿಗೆ ರುದ್ರಪ್ರಯಾಗದ ಪುಸ್ತಕದ ಕೊನೆಯ ರಾತ್ರಿಯನ್ನು ಓದಿ ಹೇಳಿದೆ. ಹತ್ತು ರಾತ್ರಿ ಮಾವಿನ ಮರದ ಮೇಲೆ ಕುಳಿತು ಸೋತ ಕಾರ್ಬೆಟ್ ಹನ್ನೊಂದನೆಯ ರಾತ್ರಿಯೂ ಕೂರುತ್ತಾನೆ. ಕೆಳಗೆ ದಾರಿಯ ಮೇಲೆ ಕೊರಳಿಗೆ ಗಂಟೆ ಕಟ್ಟಿದ ಒಂದು ಮೇಕೆ. ಕಗ್ಗತ್ತಲೆ. ಗಂಟೆ ಒಮ್ಮೆಲೇ ಜೋರಾಗಿ ಅಲುಗುತ್ತದೆ, ಟಾರ್ಚು ಬೆಳಗುತ್ತದೆ, ಗುಂಡು ಹಾರುತ್ತದೆ, ಟಾರ್ಚು ಆರಿಹೋಗುತ್ತದೆ. ತಗುಲಿತೋ ಇಲ್ಲವೋ ತಿಳಿಯದೆ ಅವನು ಬೆಳಗಿನವರೆಗೆ ಮರದ ಮೇಲೆಯೇ ಇರಬೇಕು. ನಾನು ಬೇಕೆಂದೇ ಅಲ್ಲಿ ಪುಸ್ತಕ ಮುಚ್ಚಿದೆ.

ಅನುಮಾನಿಯವರ ವಾದ ಸರಿಯಾಗಿದ್ದರೆ ಮಕ್ಕಳು ಚಿರತೆ ಸತ್ತಿತೇ ಎಂದು ಕೇಳಬೇಕಾಗಿತ್ತು. ಹಳುವಿನ ಓದುಗರ ವಾದ ಸರಿಯಾಗಿದ್ದರೆ ಇನ್ನಷ್ಟು ಹೊತ್ತು ಸುಮ್ಮನೆ ಕಾಯಬೇಕಾಗಿತ್ತು. ಎರಡೂ ಆಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು, ಮನೆಯಲ್ಲಿ ಕುರಿ ಮೇಕೆ ಸಾಕುವವಳು, ಎದ್ದು ನಿಂತು ಕೇಳಿದಳು: "ಮೇಕೆ ಉಳಿಯಿತಾ ಟೀಚರ್?" ಆಮೇಲೆ ಇಡೀ ತರಗತಿ ಅದನ್ನೇ ಕೇಳಿತು.

ಮೇಕೆ ಉಳಿಯಿತು ಎಂದು ಹೇಳಿದೆ. ಕಾರ್ಬೆಟ್ ಅದಕ್ಕೊಂದು ಹಿತ್ತಾಳೆಯ ಕೊರಳಪಟ್ಟಿ ಹಾಕಿಸಿ, ಅದನ್ನು ತನಗೆ ಮಾರಿದವನಿಗೇ ಹಿಂದಿರುಗಿಸಿದ. ಅದರಿಂದ ಆ ಮನುಷ್ಯನಿಗೆ ಮುಂದೆ ಒಂದಿಷ್ಟು ಸಂಪಾದನೆಯೂ ಆಯಿತಂತೆ. ಆ ಹುಡುಗಿ ಕುಳಿತುಕೊಂಡಳು. ಚಿರತೆಯ ವಿಷಯ ಕೇಳಲು ಯಾರಿಗೂ ನೆನಪಾಗಲಿಲ್ಲ. ಸೋಮವಾರ ಕಪಾಟು ತೆಗೆದಾಗ ಪುಸ್ತಕ ಅಲ್ಲಿರಲಿಲ್ಲ, ದಾಖಲೆ ಪುಸ್ತಕದಲ್ಲಿ ಅವಳ ಸಹಿ ಇತ್ತು.